ಎರೆಹೊಲದ ಇಲಿ ಮತ್ತು ಒಡ್ಡರ ಅರಿವು: ಮಿರಜ-ಸಾಂಗಲಿ ಸೀಮೆಯ ಆಹಾರೇತಿಹಾಸದ ಒಂದು ಪುಟ

ನಮ್ಮ ಗಡಿನಾಡಿನ ಇತಿಹಾಸವನ್ನು ಬರೆಯುವವರು ಶಿಲಾಶಾಸನ, ತಾಮ್ರಪಟ, ಬಖರು, ಕೈಫಿಯತ್ತುಗಳನ್ನು ಮುಂದಿಟ್ಟುಕೊಂಡು ಬರೆಯುವುದು ರೂಢಿ. ಅದು ಯುಕ್ತವೇ ಆಗಿದೆ. ಆದರೆ ಆ ಸಾಧನಗಳಲ್ಲಿ ಅರಸನು ಕೊಟ್ಟ ದತ್ತಿಯ ಲೆಕ್ಕ ಸಿಕ್ಕಷ್ಟು ಸುಲಭವಾಗಿ ಬಡವನ ಒಲೆಯ ಮೇಲೆ ಏನು ಬೇಯುತ್ತಿತ್ತೆಂಬ ಲೆಕ್ಕ ಸಿಕ್ಕುವುದಿಲ್ಲ. ಜೋಳ, ಕಡಲೆ, ತೊಗರಿಗಳ ವಿಷಯವನ್ನಾದರೂ ನಾವು ಅಷ್ಟಿಷ್ಟು ಬರೆದಿದ್ದೇವೆ. ಹೊಲದ ಬದುವಿನಲ್ಲಿ, ಹಳ್ಳದ ಮಡುವಿನಲ್ಲಿ, ಬಯಲು ಮಾಳದಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಪ್ರಾಣಿಗಳನ್ನು ಹಿಡಿದು ಹೊಟ್ಟೆ ಹೊರೆದವರ ವಿದ್ಯೆಯನ್ನು ಕುರಿತು ಮಾತ್ರ ನಮ್ಮಲ್ಲಿ ಬರವಣಿಗೆ ಬಹಳ ಕಡಿಮೆ.

ಈ ಲೇಖನಕ್ಕೆ ನಾವು ಎತ್ತಿಕೊಂಡಿರುವ ವಿಷಯ ಕೆಲವರಿಗೆ ವಿಚಿತ್ರವಾಗಿ ತೋರೀತು. ಅದು ಎರೆಹೊಲದ ಇಲಿ. ಮತ್ತು ಆ ಇಲಿಯನ್ನು ಗುರುತಿಸಿ, ಹಿಡಿದು, ಆಹಾರ ಮಾಡಿಕೊಂಡ ಒಡ್ಡರ ಅರಿವು. ವಿಷಯ ಸಣ್ಣದು, ಆದರೆ ಚಾಲುಕ್ಯ ಚಕ್ರವರ್ತಿಯ ಅಡಿಗೆಮನೆಯಿಂದ ಹಿಡಿದು ಲಂಡನ್ನಿನ ಪ್ರಾಣಿಶಾಸ್ತ್ರದ ಪತ್ರಿಕೆಯವರೆಗೆ ಅದರ ಹೆಜ್ಜೆಗಳು ಮೂಡಿವೆ. ಕೊನೆಗೆ ಅದು ನಾವು ಪಾಠ ಹೇಳುವ ವರ್ಗದ ಕೋಣೆಯವರೆಗೂ ಬಂದು ನಿಲ್ಲುತ್ತದೆ. ಆ ಹೆಜ್ಜೆಗಳನ್ನು ಕ್ರಮವಾಗಿ ಹಿಡಿದು ನಡೆಯುವುದೇ ನಮ್ಮ ಉದ್ದೇಶ.

ನೆಲದ ಸ್ವರೂಪ

1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೆಸರಿನಿಂದ ಹುಟ್ಟಿ, 1960ರಲ್ಲಿ ಸಾಂಗಲಿ ಎಂದು ಹೆಸರು ಪಡೆದ ಜಿಲ್ಹೆಗೆ ಎರಡು ಮುಖಗಳಿವೆ. ಪಡುವಲಿನಲ್ಲಿ ಕೃಷ್ಣೆ-ವಾರಣೆಗಳ ತೀರದ ಹಸುರು ನೆಲ. ಮೂಡಲಿನಲ್ಲಿ ಜತ್ತ, ಕವಠೇ ಮಹಾಂಕಾಳದ ಕಡೆಯ ಮಳೆಗಾಣದ ಬಯಲು. ಜತ್ತದ ಮೂಡಣ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು. ನದೀತೀರದಲ್ಲಿಯೂ ಬಯಲಿನ ತಗ್ಗುಗಳಲ್ಲಿಯೂ ಕಪ್ಪು ಎರೆಮಣ್ಣು ಹರಡಿದೆ.

ಎರೆಯ ಗುಣ ಒಕ್ಕಲಿಗರಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಅದು ಉಬ್ಬಿ ಅಂಟಾಗುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಮೊಳಗಟ್ಟಲೆ ಆಳಕ್ಕೆ ಬಿರಿಯುತ್ತದೆ. ಮಿರಗದ ಮಳೆ ಹೊಯ್ದಾಗ ಆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಈ ಬಿರಿಯುವುದು ಮತ್ತು ಮುಚ್ಚುವುದು ನಮ್ಮ ಕಥೆಗೆ ಮುಖ್ಯವಾದ ಸಂಗತಿ. ಇಲಿಯ ಬಾಳುವೆಯೂ ಇಲಿ ಹಿಡಿಯುವವನ ವಿದ್ಯೆಯೂ ಇದರ ಮೇಲೆಯೇ ನಿಂತಿವೆ.

ಅರಸನ ತಟ್ಟೆಯಲ್ಲಿ

ಮಿರಜವು ಶಾಸನಗಳಲ್ಲಿ ‘ಮಿರಿಂಜೆ’ ಎಂದು ಪ್ರಸಿದ್ಧ. ಚಾಲುಕ್ಯ ಇಮ್ಮಡಿ ಜಯಸಿಂಹನ ಶಕ 946ರ, ಎಂದರೆ ಕ್ರಿ.ಶ. 1024ರ, ತಾಮ್ರಪಟಗಳು ಮಿರಜದ ಹೆಸರಿನಿಂದಲೇ ವಿದ್ವಾಂಸರಿಗೆ ಪರಿಚಿತವಾಗಿವೆ. ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿ ಈ ಸೀಮೆಯು ಅವರ ಮಾಂಡಲಿಕರಾದ ಶಿಲಾಹಾರರ ಕೈಯಲ್ಲಿತ್ತು. ಅದೇ ಚಾಲುಕ್ಯ ವಂಶದ ಮುಮ್ಮಡಿ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ಅವನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥವು ಶಕ 1051ರ, ಎಂದರೆ ಕ್ರಿ.ಶ. 1129ರ, ಸುಮಾರಿಗೆ ಸಿದ್ಧವಾಯಿತು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಒಟ್ಟು ನೂರು ಅಧ್ಯಾಯಗಳುಳ್ಳ ಈ ಗ್ರಂಥವು ರಾಜ್ಯಭಾರದಿಂದ ಹಿಡಿದು ಊಟ-ವಿನೋದಗಳವರೆಗೆ ಎಲ್ಲವನ್ನೂ ವಿವರಿಸುತ್ತದೆ. ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಶ್ರೀಗೋಂದೇಕರರ ಸಂಪಾದಕತ್ವದಲ್ಲಿ ಇದು 1925ರಿಂದ ಮೂರು ಸಂಪುಟಗಳಾಗಿ ಹೊರಬಂದಿದೆ.

ಈ ಗ್ರಂಥದ ಅನ್ನಭೋಗದ ಅಧ್ಯಾಯದಲ್ಲಿ ಅರಸನ ಊಟಕ್ಕೆ ಯೋಗ್ಯವಾದ ಅನೇಕ ಮಾಂಸಪಾಕಗಳನ್ನು ಹೇಳುವಾಗ ಹೊಲದಲ್ಲಿಯೂ ನದೀತೀರದಲ್ಲಿಯೂ ಹುಟ್ಟುವ ಕಪ್ಪು ಇಲಿಯ ಪಾಕವೂ ಬಂದಿದೆ. ಅದಕ್ಕೆ ‘ಮೈಗ’ ಎಂದು ಹೆಸರು. ಬಿಸಿ ಎಣ್ಣೆಯಲ್ಲಿ ಹಾಕಿ ಅದರ ರೋಮ ಹೋಗಿಸಿ, ಬಿಸಿನೀರಿನಿಂದ ತೊಳೆದು, ಹೊಟ್ಟೆಯನ್ನು ಸೀಳಿ ಹಸನು ಮಾಡಿ, ನೆಲ್ಲಿಯ ಹುಳಿ ಮತ್ತು ಉಪ್ಪು ಸೇರಿಸಿ ಬೇಯಿಸುವುದು ಒಂದು ರೀತಿ. ಕಬ್ಬಿಣದ ಸಲಾಕೆಗೆ ಚುಚ್ಚಿ ನಿಗಿನಿಗಿ ಕೆಂಡದ ಮೇಲೆ ಸುಡುವುದು ಇನ್ನೊಂದು ರೀತಿ. ಆಮೆ, ಮೀನು, ಕಾಡುಹಂದಿಗಳ ಪಾಕಗಳೂ ಅದೇ ಅಧ್ಯಾಯದಲ್ಲಿವೆ. ಮೃಗಯಾವಿನೋದ, ಮತ್ಸ್ಯವಿನೋದ ಎಂಬ ಬೇರೆ ಅಧ್ಯಾಯಗಳಲ್ಲಿ ಬೇಟೆಯ ರೀತಿಗಳನ್ನೂ ಗಾಳದ ಹುರಿ, ಗಾಳಕ್ಕೆ ಹಚ್ಚುವ ಎರೆ, ಮೀನಿಗೆ ಹಾಕುವ ತಿನಿಸುಗಳನ್ನೂ ಹೇಳಿದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಮತ್ಸ್ಯವಿನೋದವನ್ನು ಶಾಸ್ತ್ರದೃಷ್ಟಿಯಿಂದ ಪರಿಶೀಲಿಸಿ ಬರೆದದ್ದು ವಿದ್ವಾಂಸರಿಗೆ ಗೊತ್ತಿರುವ ವಿಷಯ.

ಇಲ್ಲಿ ಗಮನಿಸಬೇಕಾದುದು ಒಂದುಂಟು. ಅರಸನು ಸ್ವತಃ ಗುದ್ದಲಿ ಹಿಡಿದು ಬಿಲ ಅಗೆಯಲಿಲ್ಲ. ಮನೆಯ ಇಲಿಗೂ ಹೊಲದ ಇಲಿಗೂ ಭೇದವುಂಟು, ಊಟಕ್ಕೆ ತಕ್ಕದ್ದು ಹೊಲದ ಇಲಿ ಎಂಬ ವಿವೇಕವು ಹಿಡಿಯುವವರಿಂದ ಅಡಿಗೆಯವನಿಗೂ, ಅಡಿಗೆಯವನಿಂದ ಗ್ರಂಥಕ್ಕೂ ಬಂದಿರಬೇಕು. ಹಿಡಿದವರು ಯಾರು, ಅವರ ಜಾತಿ ಯಾವುದು ಎಂಬುದನ್ನು ಗ್ರಂಥವು ಹೇಳುವುದಿಲ್ಲ. ಆದುದರಿಂದ ಆ ಕಾಲದ ಇಲಿಗಾರರೇ ಇಂದಿನ ಒಡ್ಡರ ಪೂರ್ವಜರು ಎಂದು ನಾವು ವಾದಿಸುವುದಿಲ್ಲ. ಹೊಲದ ಇಲಿಯು ಈ ನಾಡಿನಲ್ಲಿ ಒಂದು ಕಾಲಕ್ಕೆ ಸಾಮ್ರಾಟನ ಪಂಕ್ತಿಗೂ ಸಲ್ಲುವ ಆಹಾರವಾಗಿತ್ತು ಎಂಬಷ್ಟು ಮಾತ್ರ ನಿಶ್ಚಿತ.

ಕೆರೆ ಅಗೆದವರು

ಶಿಲಾಹಾರ ಗಂಡರಾದಿತ್ಯನ ಶಕ 1032ರ, ಎಂದರೆ ಕ್ರಿ.ಶ. 1110ರ, ತಾಮ್ರಪಟದಲ್ಲಿ ಅವನು ಮಿರಿಂಜೆ ನಾಡಿನ ಇರುಕುಡಿಯಲ್ಲಿ ‘ಗಂಡಸಮುದ್ರ’ವೆಂಬ ಕೆರೆಯನ್ನು ಕಟ್ಟಿಸಿ, ಅದರ ದಂಡೆಯಲ್ಲಿ ಈಶ್ವರ, ಬುದ್ಧ, ಅರ್ಹಂತರ ಆಲಯಗಳನ್ನು ಎತ್ತಿಸಿದ ಸಂಗತಿ ಇದೆ. ಮೂರು ಮತಗಳಿಗೆ ಒಂದೇ ದಂಡೆಯಲ್ಲಿ ಸ್ಥಾನ ಕೊಟ್ಟ ಆ ಔದಾರ್ಯವನ್ನು ನಾವೆಲ್ಲ ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಆ ಕೆರೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತವರ ಸುದ್ದಿ ಪಟದಲ್ಲಿಲ್ಲ.

ಮಣ್ಣು ಅಗೆಯುವುದು, ಕಲ್ಲು ಒಡೆಯುವುದು, ಕೆರೆ ಬಾವಿ ತೋಡುವುದು ಇವನ್ನೇ ಕುಲಕಸುಬನ್ನಾಗಿ ಮಾಡಿಕೊಂಡು ಬಂದವರು ಒಡ್ಡರು. ಮರಾಠಿಯಲ್ಲಿ ಇವರನ್ನು ವಡಾರ ಅಥವಾ ವಡರ ಎನ್ನುತ್ತಾರೆ. ಇವರಲ್ಲಿ ಮಣ್ಣೊಡ್ಡರು, ಕಲ್ಲೊಡ್ಡರು, ಬಂಡಿಯೊಡ್ಡರು ಎಂಬ ಪಂಗಡಗಳಿವೆ. ಮನೆಮಾತು ತೆಲುಗಿನ ಒಂದು ರೂಪ. ಹೊರಗೆ ಕನ್ನಡ, ಮರಾಠಿಗಳನ್ನು ನಿರರ್ಗಳವಾಗಿ ಆಡುತ್ತಾರೆ. ಒಡ್ಡ ಎಂಬ ಹೆಸರನ್ನು ಓಡ್ರ ದೇಶಕ್ಕೆ ಜೋಡಿಸುವ ಸಂಪ್ರದಾಯವುಂಟು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆಯನ್ನು ಕಟ್ಟಿಸಿದ ಶಿವಯೋಗಿ ಸಿದ್ಧರಾಮನನ್ನು ಇವರು ತಮ್ಮ ಕುಲಗುರುವೆಂದು ಭಾವಿಸುವುದು ಈ ಕಸುಬಿಗೆ ಒಪ್ಪುವಂತಹದೇ ಆಗಿದೆ.

ದಿನವೆಲ್ಲ ನೆಲವನ್ನೇ ಅಗೆಯುವವನಿಗೆ ನೆಲದ ಒಳಗಣ ಸುದ್ದಿ ಇತರರಿಗಿಂತ ಹೆಚ್ಚು ತಿಳಿಯುವುದು ಸಹಜ. ಯಾವ ಮಣ್ಣು ಕುಸಿಯುತ್ತದೆ, ಯಾವುದು ನಿಲ್ಲುತ್ತದೆ, ಎಲ್ಲಿ ತೇವವಿದೆ, ಎಲ್ಲಿ ಪೊಳ್ಳಿದೆ ಎಂಬುದು ಅವನ ಹಾರೆಯ ತುದಿಗೇ ಗೊತ್ತಾಗುತ್ತದೆ. ಹೊಲದ ಇಲಿಯೂ ನೆಲ ಅಗೆಯುವ ಪ್ರಾಣಿಯೇ. ಒಂದೇ ಕಸುಬಿನ ಇಬ್ಬರು ಒಬ್ಬರನ್ನೊಬ್ಬರು ಬಲ್ಲಂತೆ ಒಡ್ಡನು ಇಲಿಯನ್ನು ಬಲ್ಲವನಾದನು.

ಎಲಿಯಟ್ಟನ ಪಟ್ಟಿ

ಈ ಬಲ್ಮೆಯು ಬರಹಕ್ಕೆ ಇಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಒಬ್ಬ ಇಂಗ್ಲೀಷ್ ಅಧಿಕಾರಿಯ ಕೈಯಿಂದ. ಅವನು ವಾಲ್ಟರ್ ಎಲಿಯಟ್. 1803ರಲ್ಲಿ ಹುಟ್ಟಿ 1887ರಲ್ಲಿ ತೀರಿಕೊಂಡ ಈತನ ಹೆಸರು ಕನ್ನಡ ವಿದ್ವಾಂಸರಿಗೆ ಹೊಸತಲ್ಲ. ಧಾರವಾಡದ ಕಲೆಕ್ಟರ ಥ್ಯಾಕರೆಯ ಕೈಕೆಳಗೆ ಸಹಾಯಕನಾಗಿದ್ದು, 1824ರಲ್ಲಿ ಥ್ಯಾಕರೆಯು ಕಿತ್ತೂರಿನಲ್ಲಿ ಮಡಿದಾಗ ಸೆರೆಸಿಕ್ಕು ರಾಣಿ ಚೆನ್ನಮ್ಮನ ಕೋಟೆಯಲ್ಲಿ ಕೆಲವು ವಾರ ಬಂಧನದಲ್ಲಿದ್ದವನು ಇವನೇ. ಮುಂದೆ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿ, 1837ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯರ ವಂಶಾವಳಿಯನ್ನು ಕುರಿತು ಬರೆದವನೂ ಇವನೇ.

ಆದರೆ ಇದೇ ಎಲಿಯಟ್ಟನು ಶಾಸನಗಳ ಜೊತೆಗೆ ಇಲಿಗಳನ್ನೂ ಸಂಗ್ರಹಿಸುತ್ತಿದ್ದನೆಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರವಾಗಿಲ್ಲ. ‘ದಕ್ಷಿಣ ಮರಾಠಾ ದೇಶದ ಸಸ್ತನಿಗಳ ಪಟ್ಟಿ’ ಎಂಬ ಅವನ ಲೇಖನವು 1839ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ದಕ್ಷಿಣ ಮರಾಠಾ ದೇಶವೆಂದರೆ ಧಾರವಾಡ, ಬೆಳಗಾವಿಗಳ ಸೀಮೆಯೂ, ಅದಕ್ಕೆ ಹೆಣೆದುಕೊಂಡಿದ್ದ ಸಾಂಗಲಿ, ಮಿರಜ, ಜಮಖಂಡಿ ಮೊದಲಾದ ಪಟವರ್ಧನ ಜಹಗೀರುಗಳೂ ಕೂಡಿದ ಪ್ರದೇಶ. ಅವನ ಸಂಗ್ರಹ ಹೆಚ್ಚಾಗಿ ಧಾರವಾಡದ ಸುತ್ತಿನದು, ನಿಜ. ಆದರೆ ಕೃಷ್ಣೆಯ ಈ ದಂಡೆಯಲ್ಲಿಯೂ ಅದೇ ಎರೆನೆಲ, ಅದೇ ಜೋಳ, ಅದೇ ಒಡ್ಡರು.

ಈ ಪಟ್ಟಿಯ ವೈಶಿಷ್ಟ್ಯವೇನೆಂದರೆ ಪ್ರತಿಯೊಂದು ಪ್ರಾಣಿಗೆ ಸ್ಥಳೀಯರು ಕೊಟ್ಟ ಹೆಸರನ್ನು ಎಲಿಯಟ್ಟನು ಗುರುತು ಹಾಕಿಕೊಂಡದ್ದು. ನಗರದವನ ಬಾಯಲ್ಲಿ ಎಲ್ಲವೂ ಬರಿಯ ‘ಇಲಿ’. ಆದರೆ ಪಟ್ಟಿಯಲ್ಲಿ ಕನ್ನಡಿಗರ ‘ಕೋಕ’, ಕನ್ನಡಿಗರ ‘ಗುಲಂದಿ’, ಒಡ್ಡರ ‘ಮೆಟ್ಟಾಡೆ’, ಒಡ್ಡರ ‘ಲೆಗ್ಗಾಡೆ’ ಎಂದು ಬೇರೆ ಬೇರೆ ಹೆಸರುಗಳಿವೆ. ಈ ಹೆಸರುಗಳ ಉಚ್ಚಾರವನ್ನು ನಾವು ಇಂಗ್ಲೀಷ್ ಅಕ್ಷರಗಳಿಂದಲೇ ಮರಳಿ ತೆಗೆದಿದ್ದೇವೆಂಬುದನ್ನು ವಾಚಕರು ಗಮನದಲ್ಲಿಡಬೇಕು. ಲಂಡನ್ನಿನ ಬ್ರಿಟಿಷ್ ಮ್ಯೂಝಿಯಮ್ಮಿನ ಪ್ರಾಣಿಶಾಸ್ತ್ರಜ್ಞ ಗ್ರೇ ಎಂಬವನು 1837ರಲ್ಲಿ ಎಲಿಯಟ್ಟನು ಕಳಿಸಿದ ಮಾದರಿಗಳಿಗೆ ಶಾಸ್ತ್ರೀಯ ನಾಮಕರಣ ಮಾಡುವಾಗ ಈ ಹೆಸರುಗಳನ್ನೇ ಎತ್ತಿಕೊಂಡನು. ಗುಲಂದಿಯು ‘ಗೊಲುಂಡ’ ಎಂಬ ಕುಲವಾಯಿತು. ಮೆಟ್ಟಾಡೆಯು ‘ಮೆಲ್ಟಾಡ’ ಎಂಬ ಜಾತಿಯಾಯಿತು. ಲೆಗ್ಗಾಡೆಯಿಂದ ‘ಲೆಗ್ಗಾಡ’ ಎಂಬ ಕುಲನಾಮ ಬಂದಿತು. ಕೋಕವು ‘ಮಸ್ ಕೋಕ್’ ಎಂದು ಹೆಸರಾಯಿತು. ಇವುಗಳಲ್ಲಿ ಗೊಲುಂಡ ಮತ್ತು ಮೆಲ್ಟಾಡ ಎಂಬವು ಇಂದಿಗೂ ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿ ಸಲ್ಲುತ್ತವೆ. ಚಾಲುಕ್ಯರ ವಂಶಾವಳಿ ಹೊರಬಂದ 1837ರಲ್ಲಿಯೇ ಒಡ್ಡರ ಬಾಯಿನುಡಿಯು ಲ್ಯಾಟಿನ್ ಪಟ್ಟಿಗೆ ಏರಿತೆಂಬುದು ಒಂದು ಸೋಜಿಗ.

ಶಾಸ್ತ್ರದ ಪದ್ಧತಿಯಂತೆ ಪ್ರತಿಯೊಂದು ಹೆಸರಿನ ಕೊನೆಗೆ ಗ್ರೇ ಮತ್ತು ವರ್ಷವನ್ನು ಬರೆಯುತ್ತಾರೆ. ಗೊಲುಂಡದ ಹೆಸರಿನಲ್ಲಿಯೇ ಎಲಿಯಟ್ಟನ ಹೆಸರೂ ಸೇರಿದೆ. ಬಿಲವನ್ನು ತೋರಿಸಿಕೊಟ್ಟ ಒಡ್ಡನ ಹೆಸರು ಗಂಡಸಮುದ್ರವನ್ನು ಅಗೆದವನ ಹೆಸರಿನಂತೆಯೇ ಎಲ್ಲಿಯೂ ಇಲ್ಲ.

ಅರಿವಿನ ಒಳಗು

ಈ ಹೆಸರುಗಳ ಭೇದವು ಬರಿಯ ಮಾತಿನ ಭೇದವಾಗಿರಲಿಲ್ಲ. ಪ್ರತಿಯೊಂದು ಹೆಸರಿನ ಹಿಂದೆ ಆ ಪ್ರಾಣಿ ಎಲ್ಲಿರುತ್ತದೆ, ಹೇಗೆ ಇರುತ್ತದೆ, ಅಗೆದರೆ ಏನು ಸಿಕ್ಕುತ್ತದೆ ಎಂಬ ತಿಳಿವಳಿಕೆ ಇದ್ದಿತು.

ಕೋಕವು ಆಳವಾದ ಬಿಲ ತೋಡುವ ಇಲಿ. ಬಿಲದ ಬಾಯಿಯಲ್ಲಿ ಹೊಸ ಮಣ್ಣಿನ ಗುಪ್ಪೆ ಇದ್ದರೆ ಒಳಗೆ ಇಲಿ ಇದೆಯೆಂದು ಅರ್ಥ. ಒಳದಾರಿಗಳು ಕವಲೊಡೆದು, ಪಾರಾಗಲು ಬೇರೆ ಬಾಯಿಗಳೂ ಇರುತ್ತವೆ. ಸುಗ್ಗಿಯ ಕಾಲಕ್ಕೆ ಇದು ತೆನೆಗಳನ್ನು ಕಡಿದು ಒಳಗಿನ ಕೋಣೆಗಳಲ್ಲಿ ಕೂಡಿಹಾಕುತ್ತದೆ. ಎಲಿಯಟ್ಟನು ಇದಕ್ಕೆ ಲ್ಯಾಟಿನ್ನಿನಲ್ಲಿ ‘ಪ್ರೊವಿಡೆನ್ಸ್’, ಎಂದರೆ ಮುಂದಾಲೋಚನೆಯುಳ್ಳದ್ದು, ಎಂದು ಹೆಸರಿಟ್ಟದ್ದು ಈ ಗುಣಕ್ಕಾಗಿಯೇ. ನಾವು ಹಗೇವಿನಲ್ಲಿ ಜೋಳ ತುಂಬಿದಂತೆ ಕೋಕನಿಗೂ ಒಂದು ಹಗೇವು ಉಂಟು. ಒಡ್ಡರು ಇದನ್ನು ಅಗೆದಾಗ ಮಾಂಸದೊಡನೆ ಕಾಳೂ ದೊರೆಯುತ್ತಿತ್ತು. ಒಂದೇ ಅಗೆತದಲ್ಲಿ ರೊಟ್ಟಿಯೂ ಪಲ್ಯೆಯೂ ಸಿಕ್ಕಂತಾಯಿತು. ಒಕ್ಕಲಿಗನ ಹೊಲದಿಂದ ಹೋದ ಕಾಳು ಕೂಲಿಕಾರನ ಒಲೆಗೆ ಬಂದು ಮುಟ್ಟುತ್ತಿತ್ತು.

ಮೆಟ್ಟಾಡೆಯ ರೀತಿ ಬೇರೆ. ಎಲಿಯಟ್ಟನು ಹೇಳುವಂತೆ ಇದು ಬೆಳೆಯ ಹೊಲದಲ್ಲಿಯೇ ಜೋಡಿಯಾಗಿಯೋ ಐದಾರರ ಗುಂಪಾಗಿಯೋ ಇರುತ್ತದೆ. ತಾನಾಗಿ ಒಳ್ಳೆಯ ಬಿಲ ತೋಡದು. ಗಿಡದ ಬುಡದಲ್ಲಿ, ಹೊಲದ ಕಲ್ಲುಗುಪ್ಪೆಯಲ್ಲಿ, ಕೋಕನು ಬಿಟ್ಟುಹೋದ ಬಿಲದಲ್ಲಿ, ಇಲ್ಲವೆ ಬೇಸಿಗೆಯಲ್ಲಿ ಎರೆ ಬಿರಿದ ಸೀಳುಗಳಲ್ಲಿ ವಾಸಮಾಡುತ್ತದೆ. ಮೊದಲ ಮಳೆಗೆ ಸೀಳು ಮುಚ್ಚಿದಾಗ ಇವು ಅಸಂಖ್ಯವಾಗಿ ಸಾಯುತ್ತವೆ. ಗುಲಂದಿಯಾದರೋ ಹೊಲದ್ದಲ್ಲ, ಅಡವಿಯದು. ದಟ್ಟ ಪೊದೆಯಲ್ಲಿ ಹುಲ್ಲಿನ ಗೂಡು ಕಟ್ಟುತ್ತದೆ.

ಇಲ್ಲಿಯೇ ಈ ವಿದ್ಯೆಯ ಒಂದು ದೊಡ್ಡ ತತ್ತ್ವ ಅಡಗಿದೆ. ಮುಂಗಾರು ಸರಿಯಾಗಿ ಹೊಯ್ದರೆ ಎರೆ ಮುಚ್ಚಿಕೊಂಡು ಇಲಿಯ ಸಂಖ್ಯೆ ತಾನಾಗಿ ಇಳಿಯುತ್ತದೆ. ಮೊದಲ ಮಳೆ ತಪ್ಪಿದರೆ ಸೀಳು ಮುಚ್ಚುವುದಿಲ್ಲ; ಉಳಿದ ಇಲಿಗಳೆಲ್ಲ ಮರಿಹಾಕುತ್ತವೆ. 1826ರಲ್ಲಿ ಹೀಗೆಯೇ ಆಯಿತು. ಮಳೆಗಾಲದ ಆರಂಭ ಒಣಗಿಹೋಗಿ ಮೆಟ್ಟಾಡೆಗಳು ಪಿಡುಗಾಗಿ ಹಬ್ಬಿ, ಬಿತ್ತಿದ ಬೀಜವನ್ನು ಬಿತ್ತಿದ ಕೂಡಲೆ ತಿಂದವು. ಉಳಿದ ಜೋಳ ತೆನೆ ಹಿಡಿದಾಗ ದಂಟು ಹತ್ತಿ ತೆನೆ ಕಡಿದವು. ಸಾರಾ ಕೊಡಲಾರದಷ್ಟು ಹೊಲಗಳು ಹಾಳಾದುದನ್ನು ತಾನು ಕಣ್ಣಾರೆ ಕಂಡೆನೆಂದು ಎಲಿಯಟ್ಟನು ಬರೆದಿದ್ದಾನೆ. ಆಗ ರೈತರು ಒಡ್ಡರನ್ನು ಗೊತ್ತುಮಾಡಿ, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಕೂಲಿ ಕೊಟ್ಟರು. ಒಡ್ಡರು ಸಾವಿರಗಟ್ಟಲೆ ಕೊಂದರು. ಆದರೂ ಇಲಿಯ ಸಂಖ್ಯೆ ಕಡಿಮೆಯಾದಂತೆ ಕಾಣಲಿಲ್ಲವೆಂದೂ ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ.

ಈ ಕೊನೆಯ ಮಾತನ್ನು ನಾವು ಬಿಟ್ಟುಬಿಡಬಾರದು. ಹಳೆಯವರ ಅರಿವನ್ನು ಹೊಗಳುವ ಭರದಲ್ಲಿ ಅದಕ್ಕೆ ಇಲ್ಲದ ಶಕ್ತಿಯನ್ನು ಹೊರಿಸುವುದು ಇತಿಹಾಸವಾಗದು. ಸಾಮಾನ್ಯ ವರ್ಷದಲ್ಲಿ ವರ್ಷವರ್ಷವೂ ಅಗೆದು ತಿನ್ನುವುದರಿಂದ ಹೊಲಕ್ಕೆ ಉಪಕಾರವಿತ್ತು. ಪಿಡುಗಿನ ವರ್ಷದಲ್ಲಿ ಯಾವ ಗುದ್ದಲಿಯೂ ಸಾಲಲಿಲ್ಲ. ಮತ್ತೆ, ಇಲಿಯ ಊಟದ ಹಿಂದೆ ರುಚಿಯಷ್ಟೇ ಅಲ್ಲದೆ ಹಸಿವೂ ಇದ್ದಿತೆಂಬುದನ್ನು ಮರೆಯಲಾಗದು.

1876-78ರ ಮಹಾಕ್ಷಾಮದ ಬೆನ್ನಿಗೇ, 1878-79ರಲ್ಲಿ, ದಖ್ಖನಿನ ಜಿಲ್ಹೆಗಳಲ್ಲಿ ಇಲಿಯ ಪಿಡುಗು ಮತ್ತೊಮ್ಮೆ ಎದ್ದಿತು. ಆಗ ಮುಂಬಯಿ ಸರಕಾರವು ಸತ್ತ ಇಲಿಗಳನ್ನು ನೂರರ ಲೆಕ್ಕದಲ್ಲಿ ಎಣಿಸಿ ಬಹುಮಾನ ಕೊಡುವ ಏರ್ಪಾಡು ಮಾಡಿತು. ಕ್ಷಾಮದಲ್ಲಿ ಬಿರಿದ ನೆಲ 1826ರಂತೆಯೇ ಇಲಿಗೆ ಅನುಕೂಲವಾಯಿತೆಂಬುದು ಸ್ಪಷ್ಟ. ಅದಲ್ಲದೆ, ವರ್ಷವರ್ಷವೂ ಬಿಲ ಅಗೆಯುತ್ತಿದ್ದ ಬಡವರೇ ಕ್ಷಾಮದಲ್ಲಿ ಮೊದಲು ಸತ್ತು, ಚದರಿಹೋಗಿ, ಆ ಕೆಲಸ ನಿಂತುಹೋದುದೂ ಒಂದು ಕಾರಣವಿದ್ದೀತೆಂದು ನಮ್ಮ ಊಹೆ.

ಇತರ ಬಲ್ಲವರು

ಈ ಬಗೆಯ ತಿಳಿವು ಒಡ್ಡರೊಬ್ಬರದೇ ಅಲ್ಲ. ಕೃಷ್ಣೆಯ ಮೀನುಗಾರರನ್ನು ನೋಡೋಣ. ಕರ್ನಲ್ ಸೈಕ್ಸ್ ಎಂಬವನು ದಖ್ಖನಿನ ಮೀನುಗಳನ್ನು ಕುರಿತು 1839ರ ಸುಮಾರಿಗೆ ಪ್ರಕಟಿಸಿದ ವರ್ಣನೆಯಲ್ಲಿ ‘ಖುಡ್ರೀ’, ‘ಮುಸುಲ್ಲಾ’, ‘ನುಕ್ತಾ’, ‘ಪೋತೈಲ್’ ಎಂಬ ಜಾತಿನಾಮಗಳು ಬಂದಿವೆ. ಇವು ಬೆಸ್ತರ ಬಾಯಿಂದ ಕೇಳಿದ ಹೆಸರುಗಳೇ. 1952ರಲ್ಲಿ ಡಾ. ಸಿ. ವಿ. ಕುಲಕರ್ಣಿಯವರು ಕೃಷ್ಣೆಯ ನೀರಿನ ಸಣ್ಣ ಮೀನೊಂದಕ್ಕೆ ‘ಖವಲ್‌ಚೋರ್’ ಎಂದು ಹೆಸರಿಟ್ಟರು. ಮರಾಠಿಯಲ್ಲಿ ಇದರ ಅರ್ಥ ಹುರುಪೆಗಳ್ಳ. ಬೇರೆ ಮೀನಿನ ಮೈಮೇಲಿನ ಹುರುಪೆಗಳನ್ನು ಕಿತ್ತು ತಿನ್ನುವ ಅದರ ಚಾಳಿಯನ್ನು ಶಾಸ್ತ್ರಜ್ಞರಿಗಿಂತ ಮೊದಲೇ ಬೆಸ್ತರು ಕಂಡುಕೊಂಡು ಆ ಹೆಸರು ಕೊಟ್ಟಿದ್ದರು.

ನಮ್ಮ ಸೀಮೆಯಲ್ಲಿ ಹರಣಶಿಕಾರಿ, ಅಡವಿಚಿಂಚೇರ ಎಂದು ಹೆಸರಾದ ಫಾಸೆಪಾರ್ಧಿಗಳ ವಿದ್ಯೆ ಉರುಳಿನದು. ‘ಫಾಸೆ’ ಎಂದರೇ ಉರುಳು. ಕೆ. ಸಿ. ಮಲ್ಹೋತ್ರಾ, ಮಾಧವ ಗಾಡಗೀಳ ಮತ್ತು ಅವರ ಸಂಗಡಿಗರು 1983ರಲ್ಲಿ ಮಹಾರಾಷ್ಟ್ರದ ಮೂರು ಅಲೆಮಾರಿ ಸಮುದಾಯಗಳ ಬೇಟೆಯನ್ನು ಹೋಲಿಸಿ ಬರೆದಿದ್ದಾರೆ. ಪಾರ್ಧಿಗಳು ಉರುಳಿನಿಂದ ಚಿಗರಿ ಮತ್ತು ಹಕ್ಕಿಗಳನ್ನೂ, ವೈದುಗಳು ಬೋನಿನಿಂದ ಮುಂಗುಲಿಯಂತಹ ಸಣ್ಣ ಪ್ರಾಣಿಗಳನ್ನೂ, ನಂದಿವಾಲರು ನಾಯಿಗಳ ನೆರವಿನಿಂದ ಕಾಡುಹಂದಿ, ಮುಳ್ಳುಹಂದಿ, ಉಡಗಳನ್ನೂ ಮುಖ್ಯವಾಗಿ ಹಿಡಿಯುತ್ತಿದ್ದರು. ಒಂದೇ ಬಯಲಿನಲ್ಲಿ ಬಾಳುವ ಮೂವರು ಒಬ್ಬರ ಬೇಟೆಗೆ ಇನ್ನೊಬ್ಬರು ಅಡ್ಡಬರದಂತೆ ನಡೆದುಕೊಂಡಿದ್ದರೆಂದು ಇದರಿಂದ ತಿಳಿಯುತ್ತದೆ. ಉರುಳಿಗೆ ಸಿಕ್ಕ ಗಬ್ಬದ ಚಿಗರಿಯನ್ನೂ ಎಳೆಯ ಮರಿಯನ್ನೂ ಪಾರ್ಧಿಗಳು ಬಿಟ್ಟುಬಿಡುತ್ತಿದ್ದರೆಂದು ಗಾಡಗೀಳ-ಮಲ್ಹೋತ್ರಾ ದಾಖಲಿಸಿದ್ದಾರೆ. ಅತ್ತ ಕೊಲ್ಹಾಪುರದ ಅರಸರು ಸಾಕಿದ ಚಿರತೆಗಳಿಂದ ಚಿಗರಿಗಳನ್ನು ಹಿಡಿಸುತ್ತಿದ್ದರು; ಆ ಶಿಕಾರಿಯ ಚಿರತೆಯಾದ ಚೀತಾ ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. ಚಿಗರಿಯ ಬಯಲು ಬರಿದಾದ ದೋಷವನ್ನೆಲ್ಲ ಪಾರ್ಧಿಯ ಉರುಳಿನ ಮೇಲೆ ಹೊರಿಸುವವರು ಈ ಸಂಗತಿಯನ್ನೂ ನೆನೆಯಬೇಕು.

ಕಾಯಿದೆ ಮತ್ತು ಕಳಂಕ

ನೆಲವನ್ನು ಬಲ್ಲ ಈ ಜನರನ್ನೇ ಇಂಗ್ಲೀಷರ ಸರಕಾರವು 1871ರ ಗುನ್ಹೆಗಾರ ಜಮಾತುಗಳ ಕಾಯಿದೆಯಡಿ ಹುಟ್ಟುಗಳ್ಳರೆಂದು ಎಣಿಸಿತು. 1911ರ ಕಾಯಿದೆಯಿಂದ ಇದು ಮುಂಬಯಿ ಪ್ರಾಂತಕ್ಕೂ ಬಲವಾಗಿ ಅನ್ವಯಿಸಿತು. ದಿನವೂ ಚಾವಡಿಯಲ್ಲಿ ಹಾಜರಿ ಕೊಡಬೇಕು. ಊರು ಬಿಡಬೇಕಾದರೆ ಅಪ್ಪಣೆ ಬೇಕು. ಬಿಲ ಹುಡುಕುತ್ತ ಹೊಲದಿಂದ ಹೊಲಕ್ಕೆ ಹೋಗುವುದೇ ಅಪರಾಧದಂತಾಯಿತು. ನೆರೆಯ ಕೊಲ್ಹಾಪುರದಲ್ಲಿ ಶಾಹೂ ಛತ್ರಪತಿಗಳು 1918ರಲ್ಲಿ ಹಾಜರಿಯ ಪದ್ಧತಿಯನ್ನು ರದ್ದುಗೊಳಿಸಿದ್ದು ಆ ಕಾಲಕ್ಕೆ ದೊಡ್ಡ ಮಾತು. ದೇಶಕ್ಕೆಲ್ಲ ಆ ಕಾಯಿದೆ ಹೋದದ್ದು 1952ರ ಆಗಸ್ಟ 31ರಂದು.

ಅನಂತರವೂ ಗಡಿಯು ಇವರನ್ನು ಸುಮ್ಮನೆ ಬಿಡಲಿಲ್ಲ. ಒಡ್ಡರು ಕರ್ನಾಟಕದಲ್ಲಿ ಭೋವಿ ಮೊದಲಾದ ಹೆಸರುಗಳೊಡನೆ ಪರಿಶಿಷ್ಟ ಜಾತಿಯಲ್ಲಿದ್ದಾರೆ. ಮಹಾರಾಷ್ಟ್ರದಲ್ಲಿ ವಡಾರರೆಂದು ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ. ಗಡಿಯ ಆಚೆ ಮದುವೆಯಾಗಿ ಹೋದ ಅಕ್ಕನ ಮಗನಿಗೆ ಒಂದು ದಾಖಲೆ, ಈಚೆಯ ತಮ್ಮನ ಮಗನಿಗೆ ಇನ್ನೊಂದು. ಶಾಲೆಯ ದಾಖಲಾತಿ ಪುಸ್ತಕವನ್ನು ಬರೆಯುವ ನಮಗೆ ಈ ತೊಡಕು ಚೆನ್ನಾಗಿ ಗೊತ್ತು.

1972ರ ವನ್ಯಜೀವಿ ಸಂರಕ್ಷಣ ಕಾಯಿದೆಯು ಚಿಗರಿ, ಉಡ ಮೊದಲಾದವುಗಳ ಬೇಟೆಯನ್ನು ನಿಷೇಧಿಸಿತು. ಅಳಿಯುತ್ತಿರುವ ಪ್ರಾಣಿಗಳಿಗೆ ಅದು ಅವಶ್ಯವೇ ಆಗಿದ್ದಿತು. ಆ ನಿಷೇಧವನ್ನು ಸಡಿಲಿಸಬೇಕೆಂದು ನಾವು ಹೇಳುವುದಿಲ್ಲ. ಇಲಿಯನ್ನಾದರೋ ಆ ಕಾಯಿದೆಯು ಪೀಡಕ ಪ್ರಾಣಿಗಳ ಐದನೆಯ ಅನುಸೂಚಿಯಲ್ಲಿ ಇರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯೇ ಹೋಯಿತು. ಆದುದರಿಂದ ಇಲಿಯ ವಿದ್ಯೆಯು ಅಳಿದದ್ದು ಕಾಯಿದೆಯಿಂದಲ್ಲ. ಒಂದು ಕಾರಣ ನೆಲದ ಬದಲಾವಣೆ: ಮೈಶಾಳದಂತಹ ಏತ ನೀರಾವರಿಯಿಂದ ಕೃಷ್ಣೆಯ ನೀರು ಜತ್ತದ ಕಡೆಗೂ ಹರಿದು, ಜೋಳದ ನೆಲದಲ್ಲಿ ಕಬ್ಬು ಬಂದಿದೆ. ಇನ್ನೊಂದು ಕಾರಣ ವಿಷ: ಝಿಂಕ್ ಫಾಸ್ಫೈಡ್, ಬ್ರೊಮಾಡಿಯೊಲೋನ್ ಮೊದಲಾದ ಮದ್ದು ತಿಂದ ಇಲಿಯನ್ನು ತಿನ್ನುವುದು ಪ್ರಾಣಕ್ಕೇ ಅಪಾಯ. ಮೂರನೆಯ ಕಾರಣ ಎಲ್ಲಕ್ಕಿಂತ ಬಲವಾದುದು; ಅದು ನಾಚಿಕೆ.

ವರ್ಗದ ಕೋಣೆಯಲ್ಲಿ

ಈ ನಾಚಿಕೆಯ ವಿಷಯದಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ ‘ನಮ್ಮ ಮನೆಯ ಊಟ’ ಎಂಬ ವಿಷಯದ ಮೇಲೆ ನಿಬಂಧ ಬರೆಯಲು ಮಕ್ಕಳಿಗೆ ಹೇಳಿದ್ದೆವು. ಒಡ್ಡರ ಹುಡುಗನೊಬ್ಬನು ಎದ್ದು ನಿಂತು ಹೋಳಿಗೆ, ಸಾರು, ಅನ್ನ ಎಂದು ಓದತೊಡಗಿದನು. ಹಿಂದಿನಿಂದ ಒಬ್ಬನು, “ಅವರ ಮನ್ಯಾಗ ಇಲಿ ತಿಂತಾರ್ರೀ, ಸರ್!” ಎಂದನು. ವರ್ಗವೆಲ್ಲ ಘೊಳ್ಳೆಂದು ನಕ್ಕಿತು. ನಾವು ನಗಲಿಲ್ಲ, ಆದರೆ “ಸುಮ್ಮನಿರ್ರಿ” ಎಂದಷ್ಟೇ ಹೇಳಿ ಮುಂದಿನ ಹುಡುಗನನ್ನು ಎಬ್ಬಿಸಿದೆವು. ಆ ಹುಡುಗನು ಪುಸ್ತಕ ಮುಚ್ಚಿ ಕುಳಿತನು. ಸೋಮೇಶ್ವರನ ಪಾಕವನ್ನಾಗಲಿ ಎಲಿಯಟ್ಟನ ಪಟ್ಟಿಯನ್ನಾಗಲಿ ಆಗ ನಾವು ಓದಿರಲಿಲ್ಲ. ಓದಿದ್ದರೆ ಆ ನಗೆಗೆ ಉತ್ತರವಿತ್ತು: ಕಲ್ಯಾಣದ ಚಕ್ರವರ್ತಿಯ ತಟ್ಟೆಯಲ್ಲಿಯೂ ಇದಿತ್ತು, ಇವನ ಅಜ್ಜಂದಿರ ನುಡಿಯೇ ಇಂದು ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿದೆ, ನೀವು ‘ಇಲಿ’ ಎಂಬ ಒಂದೇ ಹೆಸರು ಬಲ್ಲ ಕಡೆ ಅವರು ನಾಲ್ಕು ಬಲ್ಲರು.

ಎಲ್ಲ ಒಡ್ಡರೂ ಇಲಿ ತಿನ್ನುತ್ತಾರೆಂದು ಇದರ ಅರ್ಥವಲ್ಲ. ಇಂದು ಆ ಸಮಾಜದವರು ಕಲ್ಲುಗಣಿ, ಕಟ್ಟಡ, ವ್ಯಾಪಾರ, ನೌಕರಿಗಳಲ್ಲಿ ನೆಲೆಗೊಂಡಿದ್ದಾರೆ. ಹಳೆಯ ಊಟವನ್ನು ಬಿಡುವುದೂ ಉಳಿಸಿಕೊಳ್ಳುವುದೂ ಅವರವರ ಇಚ್ಛೆ. ಆದರೆ ಊಟ ಬಿಟ್ಟ ಮಾತ್ರಕ್ಕೆ ಅರಿವನ್ನೂ ಬಿಡಬೇಕಾಗಿಲ್ಲ. ತಮಿಳುನಾಡಿನಲ್ಲಿ ಹಾವು, ಇಲಿಗಳನ್ನು ಹಿಡಿಯುವ ಇರುಳರು 1978ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡು, ಹಾವನ್ನು ಕೊಲ್ಲದೆ ವಿಷವನ್ನು ಮಾತ್ರ ತೆಗೆದು, ಹಾವು ಕಚ್ಚಿದವರಿಗೆ ಕೊಡುವ ಮದ್ದಿಗೆ ಒದಗಿಸುತ್ತ ಬಂದಿದ್ದಾರೆ. ಕುಲವಿದ್ಯೆಗೆ ಮರ್ಯಾದೆಯ ಹೊಸ ಸ್ಥಾನ ದೊರೆಯಬಲ್ಲದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಶಿಕ್ಷಕ ಬಂಧುಗಳು ಮಾಡಬಹುದಾದ ಕೆಲಸ ಸಣ್ಣದು, ಆದರೆ ಅವಸರದ್ದು. ಜತ್ತ, ಮಿರಜ ತಾಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದ ಒಡ್ಡರು ಇನ್ನೂ ಇದ್ದಾರೆ. ಅವರ ಮನೆಯ ಜಗುಲಿಯ ಮೇಲೆ ಕುಳಿತು, ಅವರ ಒಪ್ಪಿಗೆ ಪಡೆದು, ಹೊಲದ ಇಲಿಗಳಿಗೆ ಅವರು ಹೇಳುವ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದುಕೊಳ್ಳಬೇಕು. ಬಿಲದ ಗುರುತು, ಅಗೆಯುವ ಕಾಲ, ಮಳೆಯ ಲೆಕ್ಕಗಳನ್ನು ಕೇಳಬೇಕು. ಎಲಿಯಟ್ಟನ ಇಂಗ್ಲೀಷ್ ಬರಹದಲ್ಲಿ ಸೊಟ್ಟಾದ ಹೆಸರುಗಳ ನಿಜವಾದ ಉಚ್ಚಾರವನ್ನು ತಿದ್ದಬಲ್ಲವರು ಅವರೇ. ಆ ಟಿಪ್ಪಣಿಯ ಕೊನೆಗೆ, ಅವರು ಒಪ್ಪಿದರೆ, ಹೇಳಿದವರ ಹೆಸರನ್ನು ಬರೆಯಬೇಕು. ಗಂಡಸಮುದ್ರದ ಪಟದಲ್ಲಿಯೂ 1839ರ ಪಟ್ಟಿಯಲ್ಲಿಯೂ ಬಿಟ್ಟುಹೋದ ಹೆಸರುಗಳ ಜಾಗವನ್ನು ಅಷ್ಟರ ಮಟ್ಟಿಗಾದರೂ ನಾವು ತುಂಬಿದಂತಾದೀತು.